ನೆಲುವಿನ ಮೇಲಿನ ತೋಟ

ನಮ್ಮೂರ ಅಡುಗೆಮನೆಯ ಜಂತಿಯಿಂದ ಒಂದು ನೆಲುವು ಇಳಿಬಿದ್ದಿರುತ್ತಿತ್ತು. ಬೆಕ್ಕಿಗೆ ಎಟುಕದ ಹಾಗೆ ಅಮ್ಮ ಅದರಲ್ಲಿ ಮೊಸರಿನ ಗಡಿಗೆ ಇಡುತ್ತಿದ್ದಳು. ಈಗ ಬೆಂಗಳೂರಿನ ನನ್ನ ಬಾಲ್ಕನಿಯಲ್ಲಿ ಐದು ನೆಲುವುಗಳಿವೆ. ಗಡಿಗೆಯ ಜಾಗದಲ್ಲಿ ಪೆಟೂನಿಯಾ, ಜರಿಗಿಡ, ಹತ್ತುಗಂಟೆ ಹೂವು. ನರ್ಸರಿಯವರು ಅದಕ್ಕೆ ಹ್ಯಾಂಗಿಂಗ್ ಬಾಸ್ಕೆಟ್ ಎನ್ನುತ್ತಾರೆ. ನನಗೆ ನೆಲುವು ಅಂದರೇ ಸಮಾಧಾನ. ಬೆಕ್ಕಿನ ಕಾಟವಂತೂ ಇಲ್ಲೂ ತಪ್ಪಿಲ್ಲ. ಕೆಳಗಿಟ್ಟ ಕುಂಡದಲ್ಲಿ ಹೊಸ ಮಣ್ಣು ಕಂಡರೆ ಎದುರುಮನೆಯ ಬಿಳಿ ಬೆಕ್ಕು ಅದನ್ನು ಏನೆಂದು ತಿಳಿಯುತ್ತದೋ, ಆ ಮಾತು ಬಿಡಿ.

ಊರಲ್ಲಿ ಗಿಡ ನೆಡುವುದೆಂದರೆ ಯಾರದೋ ಬೇಲಿಯಿಂದ ಕಡ್ಡಿ ಮುರಿದು ತಂದು, ಚುಚ್ಚಿ, ಮರೆತುಬಿಡುವುದು. ಕದ್ದು ತಂದದ್ದಾದರೆ ಇನ್ನೂ ಚೆನ್ನಾಗಿ ಹತ್ತುತ್ತದೆ ಎಂಬ ನಂಬಿಕೆ ಬೇರೆ. ಬಾಯಾರಿದರೆ ಬೇರು ತಾನೇ ನೀರು ಹುಡುಕಿಕೊಂಡು ಹೋಗುತ್ತಿತ್ತು. ಕುಂಡದ ಗಿಡ ಎಲ್ಲಿಗೆ ಹೋದೀತು? ಒಂದು ಗೇಣು ಇಳಿದರೆ ತಳ, ಪಕ್ಕಕ್ಕೆ ತಿರುಗಿದರೆ ಗೋಡೆ. ಅದಕ್ಕೆ ಮಳೆಯೂ ನಾನೇ, ಎರೆಹುಳುವೂ ನಾನೇ. ತೂಗುಬುಟ್ಟಿಯದು ಇನ್ನೂ ಪಾಪದ ಬಾಳು: ಸುತ್ತಲೂ ಗಾಳಿ, ಮೇಲೆ ಬಿಸಿಲು. ಏಪ್ರಿಲ್‌ನಲ್ಲಿ ಬೆಳಿಗ್ಗೆ ನೀರುಂಡ ಬುಟ್ಟಿ ಸಂಜೆಗೆ ಬಾಯಿ ಬಿಡುತ್ತದೆ. ಈ ಉಸಾಬರಿಯೇ ನನಗೆ ಇಷ್ಟ ಎಂದರೆ ಮನೆಯವರು ನಗುತ್ತಾರೆ.

ಕೆಳಗಿಡುವ ಕುಂಡಕ್ಕೆ ಪಾಟರಿ ಟೌನ್‌ಗೇ ಹೋಗುತ್ತೇನೆ. ಗಣೇಶನ ಮೂರ್ತಿಗಳ ನಡುವೆ ಅಡ್ಡಬಿದ್ದ ಕುಂಡಗಳನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಠಣ್ ಅಂದರೆ ಚೆನ್ನಾಗಿ ಬೆಂದದ್ದು. ದಬ್ ಅಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಮಣ್ಣಿನ ಕುಂಡ ಮೈಯೆಲ್ಲ ಬೆವರುತ್ತದೆ, ಹಾಗಾಗಿ ಬೇರು ತಂಪಾಗಿರುತ್ತದೆ. ಕೆಲವು ತಿಂಗಳಲ್ಲಿ ಹೊರಮೈಗೆ ಬಿಳಿ ಉಪ್ಪು ಪೂಸಿಕೊಳ್ಳುತ್ತದೆ. ಅದನ್ನು ಉಜ್ಜಿ ತೊಳೆಯುವವರನ್ನು ಕಂಡಿದ್ದೇನೆ. ನಾನು ಮುಟ್ಟುವುದಿಲ್ಲ, ನನ್ನ ಕಣ್ಣಿಗೆ ಅದು ವಿಭೂತಿಯ ಹಾಗೆ ಕಾಣುತ್ತದೆ.

ಕುಂಡದ ತಳಕ್ಕೆ ಜಲ್ಲಿ ಹರಡಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನೂ ವರ್ಷಗಟ್ಟಲೆ ಹರಡಿದೆ. ಆದರೆ ನೀರು ಜಲ್ಲಿಗೆ ಸಲೀಸಾಗಿ ಇಳಿಯುವುದಿಲ್ಲ. ಅದರ ಮೇಲಿನ ಮಣ್ಣಿನಲ್ಲೇ ತಂಗುತ್ತದೆ. ಜಲ್ಲಿ ಹಾಕಿದಷ್ಟೂ ಬೇರಿನ ಜಾಗ ಕಡಿಮೆಯಾಯಿತು ಅಷ್ಟೆ. ಈಗ ತೂತಿನ ಮೇಲೆ ಒಂದೇ ಒಂದು ಮಂಗಳೂರು ಹೆಂಚಿನ ಚೂರು, ಬೆನ್ನು ಮೇಲಾಗಿ.

ಕುಂಡಕ್ಕೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು, ಒಂದು ಹಿಡಿ ಬೇವಿನ ಹಿಂಡಿ. ಬುಟ್ಟಿಗೆ ಈ ಅಡುಗೆ ಆಗದು, ಕೊಕ್ಕೆಯೇ ಕಿತ್ತುಬಂದೀತು. ಅಲ್ಲಿ ಅರ್ಧಕ್ಕರ್ಧ ಕೋಕೋಪೀಟು, ಅಂದರೆ ತೆಂಗಿನ ನಾರಿನ ಪುಡಿ. ಇಟ್ಟಿಗೆಯಂತಿರುವ ಅದನ್ನು ನೆನೆಹಾಕಿದರೆ ಟಬ್ಬು ತುಂಬಿ ಹೊರಗೆ ಚೆಲ್ಲುತ್ತದೆ. ಉಪ್ಪಿನಂಶ ಹೋಗುವಂತೆ ಎರಡು ಮೂರು ಸಲ ತೊಳೆದು ಹಿಂಡಿಯೇ ಬಳಸಬೇಕು. ಅದರದ್ದು ಇನ್ನೊಂದು ಹಟವಿದೆ. ಒಮ್ಮೆ ಪೂರ್ತಿ ಒಣಗಿತೋ, ಆಮೇಲೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಹಾಕಿದ್ದೆಲ್ಲ ಬದಿಯಿಂದ ಜಾರಿ ಕೆಳಗೆ ಸುರಿಯುತ್ತದೆ.

ಹಾಗೆ ಸುರಿದದ್ದು ಒಂದು ದಿನ ಕೆಳಮನೆಯ ಅಂಗಳದಲ್ಲಿ ಸೀರೆಯ ಮೇಲೆ ಹರಡಿದ್ದ ಅಕ್ಕಿ ಹಪ್ಪಳದ ಮೇಲೆ ಬಿತ್ತು. ಬರೀ ನೀರಲ್ಲ, ಗೊಬ್ಬರದ ಕೆಂಚು ನೀರು. "ಏನ್ರೀ, ನಮ್ಮ ಹಪ್ಪಳಕ್ಕೂ ನೀರು ಹಾಕ್ತಾ ಇದ್ದೀರಾ?" ಎಂದು ಆಂಟಿ ಕೆಳಗಿನಿಂದ ಕೂಗಿದರು. ಆ ಬೇಸಿಗೆ ಅವರ ಮನೆಯಿಂದ ನಮಗೆ ಹಪ್ಪಳ ಬರಲಿಲ್ಲ.

ಅಂದಿನಿಂದ ಬುಟ್ಟಿಗಳಿಗೆ ಬಕೆಟ್ ಸ್ನಾನ. ಅಂಗೈಯಿಂದ ತಳವನ್ನು ಸ್ವಲ್ಪ ಎತ್ತಿ ನೋಡುತ್ತೇನೆ. ಹಗುರವಾಗಿದ್ದರೆ ಇಳಿಸಿ, ಬಚ್ಚಲಿನಲ್ಲಿ ಅಂಚಿನವರೆಗೆ ಮುಳುಗಿಸುತ್ತೇನೆ. ಮೊದಲು ತೇಲುತ್ತದೆ, ಅದುಮಿ ಹಿಡಿಯಬೇಕು. ಆಮೇಲೆ ಗುಳುಗುಳು ಎಂದು ಗುಳ್ಳೆ ಶುರು. ದೊಡ್ಡವು, ಸಣ್ಣವು, ಕೊನೆಗೆ ಸಾಸಿವೆಯಷ್ಟರವು. ಗುಳ್ಳೆ ನಿಲ್ಲುವವರೆಗೂ ಕುಕ್ಕರಗಾಲಿನಲ್ಲಿ ಕೂತು ನೋಡುವುದಿದೆಯಲ್ಲ, ಆಗ ಫೋನ್ ಬಂದರೂ ನಾನು ಏಳುವವಳಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಪೆಟೂನಿಯಾದಂಥ ಚಳಿಯ ಹೂವು ಇಲ್ಲಿ ಒಗ್ಗುತ್ತದೆ. ಮಳೆ ಹಿಂದೆ ಸರಿದ ಮೇಲೆ ಸಸಿ ಇಟ್ಟರೆ ಜನವರಿಗೆ, ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಹೊತ್ತಿಗೆ, ನಮ್ಮಲ್ಲೂ ಬುಟ್ಟಿ ತುಂಬಿ ಇಳಿಬೀಳುತ್ತದೆ. ಬಾಡಿದ ಹೂವಿನ ಎಸಳನ್ನಷ್ಟೇ ಎಳೆದರೆ ಸಾಲದು. ಹಿಂದಿನ ಹಸಿರು ಬುಡವನ್ನೂ ಚಿವುಟಬೇಕು. ಇಲ್ಲದಿದ್ದರೆ ಗಿಡ ಬೀಜ ಕಟ್ಟುವುದರಲ್ಲೇ ಮಗ್ನ. ಚಿವುಟಿ ಮುಗಿಸುವಷ್ಟರಲ್ಲಿ ಬೆರಳೆಲ್ಲ ಅಂಟಂಟು.

ಐದನೆಯ ನೆಲುವಿನಲ್ಲಿ ಹೂವಿಲ್ಲ. ಗಾಳಿಮಳೆಗೆ ನಮ್ಮೂರ ಹಿತ್ತಿಲಲ್ಲಿ ಹಲಸಿನ ಕೊಂಬೆಯೊಂದು ಮುರಿದು ಬಿದ್ದಾಗ, ಅದರ ಮೇಲಿದ್ದ ಸೀತಾಳೆ ದಂಡೆಯ ಗಿಡವನ್ನು ಅಮ್ಮ ತೆಂಗಿನಸಿಪ್ಪೆಗೆ ಕಟ್ಟಿ ಕೊಟ್ಟಿದ್ದಳು. ಮಳೆಗಾಲದ ಬಾಗಿಲಲ್ಲಿ ನೇರಳೆ ಚುಕ್ಕೆಯ ಬಿಳಿ ಹೂಗಳ ಗೊಂಚಲು ಬಿಡುವ ಆರ್ಕಿಡ್ ಅದು. ಚಿಕ್ಕವಳಿದ್ದಾಗ ಆ ಗೊಂಚಲನ್ನು ಹಾಗೇ ಜಡೆಗೆ ಮುಡಿಯುತ್ತಿದ್ದೆ. ಇಲ್ಲಿಗೆ ಬಂದು ಮೂರು ವರ್ಷವಾಯಿತು. ಗೊಬ್ಬರ ಕೊಟ್ಟೆ, ದಿನಾ ನೀರು ಚಿಮುಕಿಸಿದೆ, ಎಲೆ ಒರೆಸಿದೆ. ಎರಡು ಬೇರು ಕೊಳೆತವು.

"ನೀನು ಅದನ್ನ ಸಾಕ್ತಾ ಇದ್ದೀಯಲ್ಲ ಮಾರಾಯ್ತಿ, ಅದೇ ತಪ್ಪು" ಎಂದಳು ಅಮ್ಮ ಫೋನಿನಲ್ಲಿ. "ಮರದ ಮೇಲೆ ಅದಕ್ಕೆ ಯಾರು ಗೊಬ್ಬರ ಹಾಕ್ತಿದ್ರು? ಸುಮ್ನೆ ಬಿಟ್ಟುಬಿಡು."

ಬಾಲ್ಕನಿಯ ಕೊನೆಯ ಕೊಕ್ಕೆಗೆ ಸಾಗಿಸಿದ್ದೇನೆ. ಮಗ್ಗು ಹಿಡಿದು ಅದರ ಕೆಳಗೆ ಹಾದುಹೋಗುವಾಗ ಕೈ ತಾನಾಗಿ ಮೇಲೇಳುತ್ತದೆ, ಮತ್ತೆ ಇಳಿಸುತ್ತೇನೆ. ಕಳೆದ ವಾರ ಒಂದು ಬಿಳಿ ಬೇರಿನ ತುದಿಯಲ್ಲಿ ಹಸಿರು ಬೊಟ್ಟು ಕಂಡಿತು. ಹೂವಿನ ಸುದ್ದಿ ಇನ್ನೂ ಇಲ್ಲ.