ಒಂದು ಹಿಡಿ ಜಾಸ್ತಿ ಹಾಕಿದ್ದಕ್ಕೆ

ವರ್ಕ್ ಫ್ರಂ ಹೋಮ್ ಅಂತ ಮೂರು ತಿಂಗಳು ಕಂಪ್ಲಿಯ ಮನೆಯಲ್ಲಿದ್ದೆ. ಅವ್ವನಿಗೆ ಕೋಳಿ ಸಾಕುವ ಆಸೆ. "ತತ್ತಿ ಮಾರಿದ ರೊಕ್ಕ ನನ್ನ ಕೈಯಾಗಿರ್ಲಿ. ಬಿಪಿ ಗುಳಿಗೆಗೂ ನಿನ್ನ ಕೇಳಬೇಕೇನು?" ಅಂದಿದ್ದಳು. ಹೊಸಪೇಟೆಯಿಂದ 25 ಗಿರಿರಾಜ ಮರಿ ತಂದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ತಳಿ ಇದು, ಹಿತ್ತಲಿಗೆ ಹೇಳಿ ಮಾಡಿಸಿದಂಥದ್ದು.

ನಮ್ಮದು ಭತ್ತದ ಊರು, ನುಚ್ಚು–ತೌಡಿಗೆ ಬರವಿಲ್ಲ. ಅದನ್ನೇ ಹಾಕಿದೆವು. ಬೆಕ್ಕಿನ ಭಯಕ್ಕೆ ಮರಿಗಳನ್ನು ಕೋಣೆಯೊಳಗೇ ಇಟ್ಟೆವು. ಮೂರನೇ ವಾರಕ್ಕೆ ಕೆಲವು ಮರಿಗಳು ಎದ್ದು ನಿಲ್ಲಲಾರದೆ ಮೊಣಕಾಲೂರಿ ಕೂರತೊಡಗಿದವು. ಯೂಟ್ಯೂಬ್ ನೋಡಿ 'ಕ್ಯಾಲ್ಸಿಯಂ ಕಡಿಮೆ' ಅಂತ ನಾನೇ ತೀರ್ಮಾನ ಮಾಡಿದೆ. ಮೊಟ್ಟೆ ಇಡೋ ಕೋಳಿಗಳಿಗೆ ಹಾಕುವ ಸುಣ್ಣಕಲ್ಲಿನ ಪುಡಿ ತಂದು, ಅಳತೆ ಇಲ್ಲದೆ ಹಿಡಿಗಟ್ಟಲೆ ಬೆರೆಸಿದೆ. "ಇಷ್ಟೊಂದಾ?" ಅಂದಳು ಅವ್ವ. "ಜಾಸ್ತಿ ಹಾಕಿದ್ರೆ ಬೇಗ ಗುಣ ಆಗುತ್ತೆ, ನೀ ಸುಮ್ಮನಿರು" ಅಂದೆ.

ಹತ್ತು ದಿನದಲ್ಲಿ ಒಂಬತ್ತು ಮರಿ ಸತ್ತವು. ಬಿಳಿ ನೀರಿನಂಥ ಹಿಕ್ಕೆ, ಮಂಕು, ಆಮೇಲೆ ಸಾವು. ಸತ್ತ ಮರಿಯೊಂದನ್ನು ಪಶು ವೈದ್ಯರ ಹತ್ತಿರ ಒಯ್ದೆ. ಕೊಯ್ದು ತೋರಿಸಿದರು: ಊದಿದ ಮೂತ್ರಪಿಂಡ, ಹೃದಯದ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ. ಅದು ಸುಣ್ಣವಲ್ಲ, ಯೂರಿಕ್ ಆಮ್ಲದ ಲವಣವಂತೆ. ಮೂತ್ರಪಿಂಡ ಕೆಟ್ಟಾಗ ಹೊರಹೋಗಲಾರದೆ ಒಳಗೇ ಕೂರುತ್ತದೆ.

"ಮೊದಲನೇ ತೊಂದರೆ ನಿಜವೇ. ಕಾಳಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ತೌಡಿನಲ್ಲಿ ರಂಜಕ ಇದ್ರೂ ಹೆಚ್ಚಿನ ಭಾಗ ಮರಿಗೆ ದಕ್ಕೋ ರೂಪದಲ್ಲಿ ಇರಲ್ಲ. ಬಿಸಿಲಿಲ್ಲದೆ ಡಿ3 ವಿಟಮಿನ್ನೂ ಇಲ್ಲ. ಆದ್ರೆ ಮರಿ ಆಹಾರದಲ್ಲಿ ಕ್ಯಾಲ್ಸಿಯಂ ಸುಮಾರು ಶೇ. 1 ಇದ್ರೆ ಸಾಕು. ಮೊಟ್ಟೆ ಕೋಳಿಗೆ ಶೇ. 3.5ರಿಂದ 4 ಬೇಕು, ಚಿಪ್ಪು ಕಟ್ಟಬೇಕಲ್ಲ. ಅದನ್ನ ಮರಿಗೆ ಕೊಟ್ರೆ ಮೂತ್ರಪಿಂಡ ತಡಿಯಲ್ಲ" ಅಂದರು. ಕ್ಯಾಲ್ಸಿಯಂ ಅತಿಯಾದರೆ ಸತು, ಮ್ಯಾಂಗನೀಸ್ ಕೂಡ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಮ್ಯಾಂಗನೀಸ್ ಕಡಿಮೆಯಾದರೆ ಕೀಲು ಊದಿ, ನರ ಜಾರಿ, ಕಾಲು ಸೊಟ್ಟಗಾಗುತ್ತದೆ. ಅಂದರೆ ಕಾಲು ಸರಿಮಾಡಲು ಹಾಕಿದ ಪುಡಿಯೇ ಕಾಲಿಗೂ ಶತ್ರು.

ವಾಪಸ್ ಬರುವಾಗ ಸಂಡೂರಿನ ಬೆಟ್ಟಗಳು ನೆನಪಾದವು. ಅಲ್ಲಿಂದ ಮ್ಯಾಂಗನೀಸ್ ಅದಿರು ಲಾರಿಗಟ್ಟಲೆ ಹೋಗುತ್ತೆ. ಮರಿಗೆ ಬೇಕಿರುವುದು ಒಂದು ಕೆಜಿ ಆಹಾರಕ್ಕೆ 60 ಮಿಲಿಗ್ರಾಂನಷ್ಟು.

ಉಳಿದ 16 ಮರಿಗಳಿಗೆ ಚಿಕ್ ಸ್ಟಾರ್ಟರ್ ಆಹಾರ ತಂದೆ. ಅದರಲ್ಲಿ ಖನಿಜ ಮಿಶ್ರಣ ಮೊದಲೇ ಇರುತ್ತೆ, ಮೇಲೆ ಏನೂ ಸೇರಿಸಬೇಕಿಲ್ಲ. ಬೆಳಗಿನ ಎಳೆಬಿಸಿಲಿಗೆ ಬಲೆ ಕಟ್ಟಿ ಬಿಟ್ಟೆವು. ಎರಡರ ಕಾಲು ಸರಿಹೋಗಲೇ ಇಲ್ಲ, ಉಳಿದವು ಓಡಾಡಿದವು.

ಅವ್ವ ಒಂದು ಮಾತೂ ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು. ಆಫೀಸಿನಲ್ಲಿ ಟೆಸ್ಟ್ ಮಾಡದೆ ಒಂದು ಸಾಲು ಕೋಡ್ ಬಿಡದ ನಾನು, ಅವಳ ಮರಿಗಳ ಮೇಲೆ ನೇರವಾಗಿ ಪ್ರಯೋಗ ಮಾಡಿದ್ದೆ.

ಆರು ತಿಂಗಳು ಕಳೆದ ಮೇಲೆ ಬೆಂಗಳೂರಿಗೆ ಫೋನ್ ಬಂತು. "ತತ್ತಿ ಇಡಾಕ ಶುರು ಮಾಡ್ಯಾವು. ಈಗ ಆ ಸುಣ್ಣದ ಪುಡಿ ಹಾಕಬೋದಂತ, ಡಾಕ್ಟರ್ನ ಕೇಳೀನಿ. ಎಷ್ಟು ಅಂತ ಚೀಟ್ಯಾಗ ಬರಸ್ಕೊಂಡೂ ಬಂದೀನಿ."

ನನ್ನನ್ನು ಕೇಳಲಿಲ್ಲ. ಒಳ್ಳೇದೇ ಆಯ್ತು.