ತಂತಿ ಇಳಿಸುವ ಆಸೆ

ದುರದುಂಡೀಶ್ವರ ಮಠದ ಊರು, ಚಿದಂಬರ ದೀಕ್ಷಿತರ ಊರು ನಮ್ಮ ಮುರಗೋಡ. ಭಜನೆ ಕೇಳುತ್ತ ಬೆಳೆದ ನನ್ನ ಕಿವಿಗೆ ತಂಬೂರಿಯ ಝೇಂಕಾರ ಎಂದೂ ದೋಷ ಅನಿಸಿದ್ದಿಲ್ಲ. ಅದೇ ನಾನು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೂತಾಗ ದಪ್ಪ ತಂತಿ ಫ್ರೆಟ್‌ಗೆ ತಾಗಿ ತುಸು ಜರ್ರೆಂದರೂ ಸಿಟ್ಟಾಗುತ್ತೇನೆ. ಒಂದನ್ನು ಕೈಮುಗಿದು ಕೇಳುವ ನಾನು ಇನ್ನೊಂದನ್ನು ಯಾಕೆ ಸಹಿಸಲಾರೆ?

ಉತ್ತರದ ಅರ್ಧ ಭಾಗ ವಾದ್ಯದಲ್ಲೇ ಇದೆ. ತಂಬೂರಿಯ ಕುದುರೆ ಅಗಲ, ಮೇಲ್ಮೈ ನಯವಾಗಿ ಬಾಗಿದ್ದು. ಅದರ ಮೇಲೆ ತಂತಿ ಸವರಿಕೊಂಡು ಕಂಪಿಸುತ್ತದೆ. ಕೆಳಗೆ ಸಿಕ್ಕಿಸಿದ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಜವಾರಿ ಎಂಬ ಆ ಝೇಂಕಾರ ತೆರೆದುಕೊಳ್ಳುತ್ತದೆ. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದೆಂದು ಹಳೆಯ ನಿಯಮ ಹೇಳುತ್ತಿತ್ತೋ, ಆ ಉಪಸ್ವರವೂ ತಂಬೂರಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆಂದು ಸಿ.ವಿ. ರಾಮನ್ 1921ರಲ್ಲಿ ಬರೆದರು. ಮಿರಜಿನ ಕುಶಲಕರ್ಮಿಗಳು ಇಂದಿಗೂ ಕುದುರೆಯನ್ನು ಕಿವಿಗೊಟ್ಟು ಉಜ್ಜಿ ಉಜ್ಜಿ ಈ ಸದ್ದನ್ನು ಹೊರತೆಗೆಯುತ್ತಾರೆ. ಗಿಟಾರಿನ ತಂತಿ ಹಾಗೆ ಸವರುವುದಿಲ್ಲ, ಫ್ರೆಟ್‌ಗೆ ಬಡಿಯುತ್ತದೆ. ಬಡಿದಾಗಲೆಲ್ಲ ಸ್ವರದ ಆಯಸ್ಸು ಕಡಿಮೆಯಾಗುತ್ತದೆ.

ಉಳಿದರ್ಧ ನನ್ನೊಳಗಿದೆ. ಅದನ್ನು ತೋರಿಸಿಕೊಟ್ಟದ್ದು ರಿಪೇರಿಯ ಕ್ರಮವೇ. ಮೊದಲು ಶ್ರುತಿ ಮಾಡಬೇಕು, ಏಕೆಂದರೆ ತಂತಿಗಳ ಎಳೆತದಲ್ಲೇ ಕುತ್ತಿಗೆಯ ನಿಜವಾದ ಬಾಗು ತಿಳಿಯುವುದು. ತಂತಿಯನ್ನು ಮೊದಲನೇ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದರೆ ಏಳು-ಎಂಟನೇ ಫ್ರೆಟ್ ಹತ್ತಿರ ಸುಮಾರು 0.25 ಮಿ.ಮೀ. ಸಂದು ಕಾಣಬೇಕು. ಸಂದೇ ಇಲ್ಲದಿದ್ದರೆ ಕುತ್ತಿಗೆಯೊಳಗಿನ ಟ್ರಸ್ ರಾಡ್ ಅನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ನೋಡಬೇಕು. ತಂತಿಯನ್ನು ಒತ್ತದೆ ಮೀಟಿದಾಗ ಮಾತ್ರ ಆ ಜರ್ರು, ಅಂದರೆ ಬಝ್, ಬಂದರೆ ಕುತ್ತಿಗೆಯ ತುದಿಯ ನಟ್‌ನಲ್ಲಿ ತಂತಿ ಕೂರುವ ತೋಡು ಸವೆದಿರುತ್ತದೆ. ಒಂದೇ ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರುತ್ತದೆ. ಇವೆಲ್ಲ ಸರಿಯಿದ್ದೂ ಉದ್ದಕ್ಕೂ ಬಝ್ ಬರುತ್ತಿದ್ದರೆ ಉಳಿದ ಕಾರಣ ಒಂದೇ: ತಂತಿಯನ್ನು ತೀರಾ ಕೆಳಗಿಳಿಸಲಾಗಿದೆ.

ಇಳಿಸಿದವನು ನಾನು. ಬೆರಳಿಗೆ ಶ್ರಮ ಬೇಡ, ತಾನುಗಳು ಸರಸರ ಹರಿಯಬೇಕು ಎಂಬ ಆಸೆಗೆ ಇಳಿಸಿದ್ದೆ. ದಪ್ಪ ತಂತಿ ಅಗಲವಾಗಿ ತೂಗುತ್ತದೆ, ಅದಕ್ಕೆ ಹನ್ನೆರಡನೇ ಫ್ರೆಟ್‌ನ ಮೇಲೆ ಸುಮಾರು 2 ಮಿ.ಮೀ. ಜಾಗ ಬೇಕು. ಆ ಜಾಗವನ್ನು ಕಿತ್ತುಕೊಂಡು, ಜೋರಾಗಿ ಮೀಟುವ ಹಟವನ್ನೂ ನಾನು ಬಿಡಲಿಲ್ಲ. ಹಾಗಾದರೆ ಬಝ್ ಕೇಳಿದಾಗ ನನ್ನನ್ನು ಕೆರಳಿಸಿದ್ದು ಸದ್ದಲ್ಲ. ವೇಗ ಬೇಕು, ಬಲವೂ ಬೇಕು, ಎರಡಕ್ಕೂ ಬೆಲೆ ಕೊಡಲಾರೆ ಎಂಬ ನನ್ನ ಲೆಕ್ಕವನ್ನು ತಂತಿ ಒಪ್ಪಲಿಲ್ಲ ಎಂಬುದು.

ಈಗ ಕುದುರೆಯಲ್ಲಿ ದಪ್ಪ ತಂತಿಗಳನ್ನು ಹೊರುವ ಸ್ಯಾಡಲ್ ಎತ್ತಿದ್ದೇನೆ. ಉಳಿದ ಸಣ್ಣ ಜರ್ರು ಆಂಪ್ಲಿಫೈಯರ್‌ನಲ್ಲಿ ಕೇಳಿಸುವುದಿಲ್ಲ, ಸ್ವರವೂ ಅಷ್ಟಾಗಿ ಮೊಟಕಾಗುವುದಿಲ್ಲ. ಅದನ್ನು ಹಾಗೇ ಬಿಟ್ಟಿದ್ದೇನೆ. ಮೇಲಿನ ಫ್ರೆಟ್‌ಗಳಲ್ಲಿ ಮೊದಲನೇ ತಂತಿಯನ್ನು ಪಕ್ಕಕ್ಕೆಳೆದು ಮೀಂಡ್ ತೆಗೆಯುವಾಗ ಮಾತ್ರ ಸ್ವರ ಈಗಲೂ ನಡುವೆ ಕತ್ತರಿಸಿದಂತೆ ನಿಲ್ಲುತ್ತದೆ. ಕಾರಣ ಗೊತ್ತು. ಆ ತಂತಿಯನ್ನು ಎತ್ತಲು ಇನ್ನೂ ಮನಸ್ಸು ಬಂದಿಲ್ಲ.