ನಗರದ ಶ್ರೇಯಾಂಕ ಮತ್ತು ನ್ಯಾಯದ ತೂಕ

2021ನೆಯ ಇಸವಿಯ ಮಾರ್ಚ್ 4ರಂದು ಕೇಂದ್ರ ಸರ್ಕಾರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ದೇಶದ 111 ನಗರಗಳ 'ಸುಗಮ ಜೀವನ ಸೂಚ್ಯಂಕ'ವನ್ನು ಪ್ರಕಟಿಸಿತು. ಹತ್ತು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ 49 ನಗರಗಳ ವರ್ಗದಲ್ಲಿ ಬೆಂಗಳೂರಿಗೆ ಪ್ರಥಮ ಸ್ಥಾನ ದೊರೆಯಿತು. ಅದಕ್ಕಿಂತ ಕಡಿಮೆ ಜನಸಂಖ್ಯೆಯ 62 ನಗರಗಳಲ್ಲಿ ಶಿಮ್ಲಾ ಮೊದಲನೆಯದಾದರೆ, ದಾವಣಗೆರೆಯು 55.25 ಅಂಕಗಳೊಡನೆ ಒಂಬತ್ತನೆಯದಾಯಿತು. ಭುವನೇಶ್ವರ, ಗಾಂಧಿನಗರಗಳಂಥ ರಾಜಧಾನಿಗಳಿದ್ದ ಪಂಕ್ತಿಯಲ್ಲಿ ರಾಜಧಾನಿಯೂ ಅಲ್ಲದ, ಬಂದರೂ ಇಲ್ಲದ ಒಂದು ಪೇಟೆಯ ಊರು ಸ್ಥಾನ ಪಡೆದದ್ದು ಸಾಮಾನ್ಯ ಸಂಗತಿಯಲ್ಲ.

ಈ ವಾರ್ತೆಯಿಂದ ನೆರೆಯ ಹಾವೇರಿ ಜಿಲ್ಲೆಯಲ್ಲಿಯೂ ಸಂತೋಷವಾಯಿತು. ದಾವಣಗೆರೆ, ಹಾವೇರಿಗಳೆರಡೂ 1997ರಲ್ಲಿ, ಒಂದೇ ವರ್ಷ, ಜಿಲ್ಲೆಗಳಾದವು. ಶಿಗ್ಗಾಂವಿ, ಸವಣೂರು, ಹಾನಗಲ್ಲುಗಳ ವ್ಯಾಪಾರ ಹುಬ್ಬಳ್ಳಿಯತ್ತ ಹೆಚ್ಚು ವಾಲಿದ್ದರೂ ಹಿರೇಕೆರೂರಿನವರಿಗೆ ದಾವಣಗೆರೆಯೇ ಬಳಕೆಯ ದೊಡ್ಡ ಪೇಟೆ. ಈ ನಾಲ್ಕೂ ತಾಲ್ಲೂಕುಗಳ ಅನೇಕ ಶ್ರಾವಕ ಕುಟುಂಬಗಳ ಒಂದು ಕವಲು ಇಂದು ಈ ಎರಡು ನಗರಗಳಲ್ಲಿ ನೆಲೆನಿಂತಿದೆ. ಆದುದರಿಂದ ಆ ಶ್ರೇಯಾಂಕದ ಅರ್ಥವೇನೆಂಬುದು ದಾವಣಗೆರೆಯವರು ಮಾತ್ರವೇ ಆಲೋಚಿಸಬೇಕಾದ ವಿಷಯವಲ್ಲ.

ವ್ಯಾಪಾರಿಯಾದವನು ತಕ್ಕಡಿಯ ಮುಳ್ಳನ್ನು ನೋಡುವ ಮೊದಲು ತೂಕದ ಕಲ್ಲನ್ನು ನೋಡುತ್ತಾನೆ. ಈ ಸೂಚ್ಯಂಕದ ಕಲ್ಲುಗಳು ನಾಲ್ಕು. ಶಿಕ್ಷಣ, ಆರೋಗ್ಯ, ವಸತಿ, ನೀರು ಮತ್ತು ನೈರ್ಮಲ್ಯ, ಸಂಚಾರ, ಸುರಕ್ಷತೆ, ವಿನೋದ ಇವುಗಳನ್ನೊಳಗೊಂಡ ಜೀವನಮಟ್ಟಕ್ಕೆ ನೂರಕ್ಕೆ 35. ಆರ್ಥಿಕ ಸಾಮರ್ಥ್ಯಕ್ಕೆ 15. ಪರಿಸರ, ಹಸಿರು, ಇಂಧನ ಬಳಕೆ ಮುಂತಾದ ಸುಸ್ಥಿರತೆಗೆ 20. ನಾಗರಿಕರ ಸ್ವಂತ ಅಭಿಪ್ರಾಯಕ್ಕೆ 30. ಹಣ ಗಳಿಸುವ ಶಕ್ತಿಗೆ ಎಲ್ಲಕ್ಕಿಂತ ಕಡಿಮೆ ಅಂಕ, ವಾಸಿಸುವವರ ಮಾತಿಗೆ ಅದರ ಎರಡರಷ್ಟು ಅಂಕ ಎಂಬುದು ಗಮನಾರ್ಹ. ಸಂಪತ್ತೊಂದೇ ಸುಖವಲ್ಲವೆಂಬ ವಿವೇಕವನ್ನು ಸರ್ಕಾರದ ಲೆಕ್ಕಪತ್ರವೂ ಒಪ್ಪಿಕೊಂಡಂತಾಯಿತು.

ದಾವಣಗೆರೆ ಈ ಮಟ್ಟಕ್ಕೆ ಬಂದ ಬಗೆಯೂ ಬೋಧಪ್ರದವಾಗಿದೆ. ಮೊದಲಿಗೆ ಅದು ಬೇತೂರಿಗೆ ಸೇರಿದ ಒಂದು ಸಣ್ಣ ಹಳ್ಳಿ. ಹದಿನೆಂಟನೆಯ ಶತಮಾನದಲ್ಲಿ ಹೈದರ್ ಅಲಿಯು ಅದನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ಅಂದಿನಿಂದ ಅದು ಪೇಟೆಯಾಗಿ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳು ತಲೆಯೆತ್ತಿ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದು ಬಂದಿತು. ಕಾಲಾಂತರದಲ್ಲಿ ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಸಾವಿರಾರು ಕಾರ್ಮಿಕರ ಮನೆಗಳಲ್ಲಿ ಒಲೆ ಆರುವ ಪ್ರಸಂಗ ಬಂದಿತು. ಆದರೂ ಊರು ಕುಸಿಯಲಿಲ್ಲ. 1958ರಲ್ಲಿ ಸ್ಥಾಪಿತವಾದ ಬಾಪೂಜಿ ವಿದ್ಯಾಸಂಸ್ಥೆ, 1965ರ ವೈದ್ಯಕೀಯ ಕಾಲೇಜು ಮೊದಲಾದವುಗಳಿಂದ ಅದು ವಿದ್ಯೆಯ ಮತ್ತು ಚಿಕಿತ್ಸೆಯ ಊರಾಯಿತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳನ್ನು ಆರಿಸಿದಾಗ ಕರ್ನಾಟಕದಿಂದ ಆಯ್ಕೆಯಾದವು ಬೆಳಗಾವಿ ಮತ್ತು ದಾವಣಗೆರೆ ಎರಡೇ. ಲಾಭ ಬಂದ ಕಾಲದಲ್ಲಿ ಶಾಲೆ, ಆಸ್ಪತ್ರೆಗಳಲ್ಲಿ ತೊಡಗಿಸಿದ ಹಣವು ಗಿರಣಿ ಮುಚ್ಚಿದ ಕಾಲದಲ್ಲಿ ಊರನ್ನು ಕಾಯಿತು. ಇದು ಎಲ್ಲ ವರ್ತಕರೂ ನೆನಪಿಡಬೇಕಾದ ಸಂಗತಿ.

ಇಷ್ಟನ್ನು ಮನಸಾರೆ ಒಪ್ಪಿಕೊಂಡ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಐದು ಅತಿಚಾರಗಳನ್ನು ಹೇಳುವಾಗ 'ಹೀನಾಧಿಕಮಾನೋನ್ಮಾನ'ವನ್ನೂ ಸೇರಿಸಿದ್ದಾರೆ. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಎಂದು ಅದರ ತಾತ್ಪರ್ಯ. ಇದು ಸೇರು, ಪಾವು, ಕಿಲೋಗಳಿಗೆ ಮಾತ್ರ ಅನ್ವಯಿಸುವ ನಿಯಮವೇ? ನಗರವೊಂದರ ಸುಖವನ್ನು ಅದರ ಪಾಲಿಕೆಯ ಎಲ್ಲೆಯೊಳಗೆ ಅಳೆಯಲಾಗುತ್ತದೆ. ಆದರೆ ಆ ಸುಖಕ್ಕೆ ಬೇಕಾದುದು ಎಲ್ಲೆಯ ಹೊರಗಿನಿಂದ ಬರುತ್ತದೆ. ಹಾನಗಲ್ಲಿನ ಭತ್ತ, ಸವಣೂರಿನ ವೀಳ್ಯದೆಲೆ, ಹಿರೇಕೆರೂರಿನ ಗೋವಿನಜೋಳ ಮತ್ತು ಹತ್ತಿ, ಶಿಗ್ಗಾಂವಿಯ ಹಳ್ಳಿಗಳಿಂದ ಕಟ್ಟಡದ ಕೆಲಸಕ್ಕೆ ಹೊರಡುವ ತೋಳುಗಳು ಇವೆಲ್ಲ ಒಂದಲ್ಲ ಒಂದು ದೊಡ್ಡ ಊರಿನ ತಕ್ಕಡಿಯನ್ನು ಸೇರುತ್ತವೆ. ಆ 111 ನಗರಗಳ ಪಟ್ಟಿಯಲ್ಲಿ ಈ ನಾಲ್ಕು ಊರುಗಳಿಗೆ ಕೆಳಗಿನ ಸ್ಥಾನವೂ ಇಲ್ಲ. ಇವುಗಳನ್ನು ಆ ಪರೀಕ್ಷೆಗೆ ಕೂರಿಸಿಯೇ ಇರಲಿಲ್ಲ. ತೆಗೆದುಕೊಂಡದ್ದು ಲೆಕ್ಕಕ್ಕೆ ಬಂದು ಕೊಟ್ಟವರ ಹೆಸರು ಲೆಕ್ಕಕ್ಕೆ ಬಾರದಿದ್ದರೆ, ಅಳತೆಗೋಲು ಪ್ರಾಮಾಣಿಕವಾಗಿದ್ದರೂ ಅಳತೆ ಅಪೂರ್ಣವೇ ಸರಿ.

ನಗರದ ಎಲ್ಲೆಯೊಳಗೂ ಈ ಮಾತು ಸಲ್ಲುತ್ತದೆ. ದಾವಣಗೆರೆಯ ಮಂಡಕ್ಕಿಯನ್ನು ಮೆಚ್ಚದವರು ವಿರಳ. ಆ ಮಂಡಕ್ಕಿಯನ್ನು ಹುರಿಯುವ ಭಟ್ಟಿಗಳಲ್ಲಿ ಹೊಟ್ಟು, ಸೌದೆಗಳ ಜೊತೆಗೆ ಹಳೆಯ ಟಯರುಗಳನ್ನೂ ಉರುವಲಾಗಿ ಸುಡುತ್ತಿದ್ದ ಕಾಲವಿತ್ತು. ಆ ಕಪ್ಪುಹೊಗೆ ಭಟ್ಟಿಯ ಕಾರ್ಮಿಕರ ಮತ್ತು ಸುತ್ತಲಿನ ಬಡ ಬಡಾವಣೆಗಳ ಮಕ್ಕಳ ಎದೆಗೂಡನ್ನು ಸೇರುತ್ತಿತ್ತು. ಸ್ಮಾರ್ಟ್ ಸಿಟಿ ಪ್ರಸ್ತಾವದಲ್ಲಿ ಮಂಡಕ್ಕಿ ಭಟ್ಟಿ ಪ್ರದೇಶದ ಪುನರಭಿವೃದ್ಧಿಯನ್ನು ಸೇರಿಸಿದ್ದು ನಗರವು ತನ್ನ ದೋಷವನ್ನು ತಾನೇ ಕಂಡುಕೊಂಡದ್ದರ ಗುರುತು, ಪ್ರಶಂಸನೀಯವಾದುದು. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅಂಗಾರಕರ್ಮವನ್ನು ವಿವರಿಸುವಾಗ ಕಾಳು ಹುರಿಯುವ ಭಟ್ಟಿಯನ್ನೂ ಹೆಸರಿಸಿದ್ದಾರೆ. ಭಟ್ಟಿಯ ಮುಂದೆ ಬೆವರುವ ಬಡವನನ್ನು ಹಳಿಯಲು ಈ ಮಾತನ್ನು ಬಳಸಿದರೆ ಅದು ಶಾಸ್ತ್ರದ ದುರುಪಯೋಗವಾದೀತು. ಹುರಿದವನಷ್ಟೇ ಮಾರಿದವನೂ, ತಿಂದವನೂ ಆ ಬೆಂಕಿಯ ಪಾಲುದಾರರೆಂದು ತಿಳಿಯುವುದೇ ಸರಿಯಾದ ಅರ್ಥ.

ಕಾಲದ ಒಂದು ವಿವರವೂ ಇಲ್ಲಿ ಮುಖ್ಯ. ಈ ಸೂಚ್ಯಂಕಕ್ಕಾಗಿ ನಾಗರಿಕರ ಅಭಿಪ್ರಾಯವನ್ನು ಸಂಗ್ರಹಿಸಿದ್ದು 2020ರ ಜನವರಿ 16ರಿಂದ ಮಾರ್ಚ್ 20ರವರೆಗೆ. 32 ಲಕ್ಷಕ್ಕೂ ಹೆಚ್ಚು ಜನ ಉತ್ತರ ಕೊಟ್ಟರು. ಅದು ಮುಗಿದ ಐದನೆಯ ದಿನ, ಮಾರ್ಚ್ 25ರಂದು, ಕೋವಿಡ್ ನಿಮಿತ್ತ ದೇಶವೆಲ್ಲ ಲಾಕ್‌ಡೌನ್ ಆಯಿತು. ವಾಸಯೋಗ್ಯವೆನಿಸಿದ ಮಹಾನಗರಗಳಿಂದ ಕೂಲಿಕಾರರು ಗಂಟುಮೂಟೆ ಹೊತ್ತು ತಮ್ಮ ಹಳ್ಳಿಗಳಿಗೆ ನಡೆದರು. ಅಂಕವಿಲ್ಲದ ಊರುಗಳು ಅವರನ್ನು ಒಳಗೆ ಕರೆದುಕೊಂಡವು. ಕೆಲವೆಡೆ ಭಯದಿಂದ ಊರ ಬಾಗಿಲಿಗೆ ಮುಳ್ಳುಬೇಲಿ ಹಾಕಿದ್ದೂ ಉಂಟು. ಆದರೆ ಬಹುಮಟ್ಟಿಗೆ ಅವರಿಗೆ ಅನ್ನ, ನೆರಳು ದೊರೆತದ್ದು ಅಲ್ಲಿಯೇ. ಹಾಗೊಮ್ಮೆ ಮಾರ್ಚ್ ತಿಂಗಳ ಕೊನೆಯಲ್ಲಿ ಅಭಿಪ್ರಾಯ ಕೇಳಿದ್ದರೆ ಯಾವ ಊರಿಗೆ ಎಷ್ಟು ಅಂಕ ಬೀಳುತ್ತಿತ್ತೋ ಹೇಳಲಾಗದು.

ಇಂತಹ ಪ್ರಶ್ನೆಗಳು ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ, ಮನೆಗಳಲ್ಲಿಯೂ ಏಳುತ್ತವೆ. ಹಿರೇಕೆರೂರು ತಾಲ್ಲೂಕಿನ ಒಂದು ಊರಿನಲ್ಲಿ ಕಾಳುಕಡಿಯ ವ್ಯಾಪಾರ ಮಾಡುವ ಹಿರಿಯರೊಬ್ಬರು, ದಾವಣಗೆರೆಯಲ್ಲಿ ಅಂಗಡಿಯಿಟ್ಟ ಅವರ ಮಗ. ಪಟ್ಟಿ ಪ್ರಕಟವಾದ ವರ್ಷದ ದೀಪಾವಳಿಗೆ ಬಂದಾಗ ಮಗನು, "ಅಪ್ಪಾರ, ದೇಶದಾಗ ಒಂಬತ್ತನೇ ಊರು ಅದು. ದವಾಖಾನಿ ಐತಿ, ಹುಡುಗರಿಗೆ ಸಾಲಿ ಐತಿ. ಇಲ್ಲೇನೈತಿ ಹೇಳ್ರಿ? ಈ ಮನಿ ಮಾರಿ ನೀವೂ ಅವ್ವನೂ ಬಂದುಬಿಡ್ರಿ" ಎಂದನು. ತಂದೆ ತುಸು ಹೊತ್ತು ಸುಮ್ಮನಿದ್ದು, "ಬರಾಕ ಅಡ್ಡಿ ಇಲ್ಲಪಾ. ಆದರ ಆ ಊರಿಗೆ ಹೋಗೋ ಗೋವಿನಜೋಳ ಇಲ್ಲಿಂದನ ಹೊಂಡತೈತಿ. ನಾವೆಲ್ಲಾ ಅಲ್ಲಿಗೇ ಬಂದರ, ಇಲ್ಲಿ ಬಸದಿ ಬಾಗಲಾ ಮುಂಜಾನೆ ಯಾರು ತಗೀತಾರ? ಅದನ್ನೂ ನೀನ ಹೇಳು" ಎಂದರು.

ಮಗನ ಮಾತು ಸುಳ್ಳಲ್ಲ. ಹೃದಯದ ಚಿಕಿತ್ಸೆಗಾಗಿ ವರ್ಷಕ್ಕೆ ಮೂರು ನಾಲ್ಕು ಸಲ ಅದೇ ದಾವಣಗೆರೆಗೆ ಹೋಗಿಬರುವವರು ಆ ತಂದೆಯೇ. ತಂದೆಯ ಮಾತೂ ಸುಳ್ಳಲ್ಲ. ಒಂದು ಕಾಲಕ್ಕೆ ಹತ್ತಾರು ಮನೆಗಳಿದ್ದ ಬೀದಿಯಲ್ಲಿ ಈಗ ದೀಪ ಹಚ್ಚುವ ಮನೆಗಳು ಮೂರು. ಮನೆ ಮಾರಲಿಲ್ಲ, ತಂದೆ ಹೋಗಲಿಲ್ಲ. ಆದರೆ ಅದು ಸಮಸ್ಯೆಯ ಪರಿಹಾರವಲ್ಲ, ಮುಂದೂಡಿಕೆ ಮಾತ್ರ. ಊರು ಬಿಡುವವರನ್ನು ದೂಷಿಸಿ ಪ್ರಯೋಜನವಿಲ್ಲ. ಅವರು ಬಿಡದಂತೆ ಮಾಡುವ ಸೌಕರ್ಯ ಊರಿನಲ್ಲಿ ಏನಿದೆ ಎಂದು ಕೇಳಿಕೊಳ್ಳಬೇಕು.

ಸಣ್ಣ ಊರು ಎಂದೂ ಸಣ್ಣದೇ ಆಗಿತ್ತೆಂದು ಭಾವಿಸುವವರು ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವನ್ನು ನೋಡಬೇಕು. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರಿನ ಊರು ಅದು. ಗುಣಭದ್ರಾಚಾರ್ಯರ ಉತ್ತರಪುರಾಣವು ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಬಂಕೆಯನ ಮಗ ಲೋಕಾದಿತ್ಯನು ವನವಾಸಿ ನಾಡನ್ನು ಆಳುತ್ತಿದ್ದಾಗ ಅಲ್ಲಿಯೇ ಪೂಜೆಗೊಂಡಿತು. ಆ ಗ್ರಂಥದ ಪ್ರಶಸ್ತಿಯು ಬಂಕಾಪುರವನ್ನು ಪುರಗಳಲ್ಲಿ ಮಿಗಿಲಾದುದೆಂದು ಹೊಗಳುತ್ತದೆ. ಹತ್ತನೆಯ ಶತಮಾನದಲ್ಲಿ ಗಂಗದೊರೆ ಮಾರಸಿಂಹನು ರಾಜ್ಯವನ್ನು ತೊರೆದು ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡದ್ದೂ ಈ ಊರಿನಲ್ಲಿಯೇ. ಸಾವಿರದ ನೂರು ವರ್ಷಗಳ ಹಿಂದೆ ಆ ಊರಿಗೆ ದೊರೆತ ಶ್ರೇಯಾಂಕ ಅದು. ಇಂದು ಅಲ್ಲಿ ಪಾಳುಬಿದ್ದ ಕೋಟೆ, ಕಂಬಗಳ ಸಾಲಿನ ನಗರೇಶ್ವರ ಗುಡಿ, ಕೋಟೆಯೊಳಗೆ ನಿರ್ಭಯವಾಗಿ ತಿರುಗುವ ನವಿಲುಗಳು ಇವೆ. ಅಧಿಕಾರ ಹೋಯಿತು, ಪೇಟೆ ಹೋಯಿತು. ಅಲ್ಲಿ ಪೂಜೆಗೊಂಡ ಗ್ರಂಥ ಉಳಿಯಿತು, ಜೀವಿಗಳಿಗೆ ಸಿಕ್ಕ ಅಭಯ ಉಳಿದಿದೆ.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳ ಕುಟುಂಬಗಳೂ ದೇವಸ್ಥಾನದ ಟ್ರಸ್ಟುಗಳೂ ಮಾಡಬಹುದಾದುದೇನು? ದೆಹಲಿಯ ಪಟ್ಟಿಗಾಗಿ ಕಾಯದೆ ತಮ್ಮ ಊರನ್ನು ತಾವೇ ಅಳೆಯಬಹುದು. ಹಿರಿಯರು ಹೇಳಿದ ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳೇ ಅದಕ್ಕೆ ಕಲ್ಲುಗಳಾಗಲಿ. ಊರಿನಲ್ಲಿ ಒಪ್ಪೊತ್ತು ಉಪವಾಸವಿರುವ ಮನೆ ಎಷ್ಟು? ರಾತ್ರಿ ಎದೆನೋವು ಬಂದವನು ವೈದ್ಯರನ್ನು ಮುಟ್ಟಲು ಎಷ್ಟು ಗಂಟೆ ಬೇಕು? ಹತ್ತನೆಯ ತರಗತಿಯ ಬಳಿಕ ಓದು ಬಿಟ್ಟ ಹೆಣ್ಣುಮಕ್ಕಳು ಎಷ್ಟು? ಒಂಟಿಯಾಗಿರುವ ವೃದ್ಧರನ್ನು ದಿನಕ್ಕೊಮ್ಮೆ ವಿಚಾರಿಸುವವರು ಯಾರು? ಈ ಲೆಕ್ಕ ಮಾಡಲು ಯಾವ ಸಚಿವಾಲಯವೂ ಬೇಕಿಲ್ಲ, ನಾಲ್ಕು ಜನ ಕಾರ್ಯಕರ್ತರು ಒಂದು ವಾರ ಮನೆಮನೆ ತಿರುಗಿದರೆ ಸಾಕು. ನಗರದಲ್ಲಿ ನೆಲೆಸಿದವರು ಹುಟ್ಟೂರಿನ ಬಸದಿಯ ಕಳಸಕ್ಕೆ ಕೊಡುವಷ್ಟನ್ನೇ ಹುಟ್ಟೂರಿನ ರೋಗಿಯ ವಾಹನಕ್ಕೂ, ಹುಡುಗಿಯರ ವಸತಿನಿಲಯಕ್ಕೂ ಕೊಡುವ ನಿಯಮ ಮಾಡಿಕೊಳ್ಳಲಿ.

ಅಳತೆಯು ಟ್ರಸ್ಟಿನ ಒಳಗಿನಿಂದಲೇ ಆರಂಭವಾಗುವುದು ಉಚಿತ. ಕಲ್ಯಾಣಮಂಟಪದ ಬಾಡಿಗೆ ಪ್ರತಿ ವರ್ಷ ಏರುತ್ತದೆ, ಅಲ್ಲಿ ಎಂಜಲೆಲೆ ಎತ್ತುವ ಹೆಂಗಸಿನ ಕೂಲಿಯೂ ಅಷ್ಟೇ ಏರಿದೆಯೇ? ಬಸದಿಯ ಕಾವಲುಗಾರನ ಮಗನ ಶಾಲೆಯ ಶುಲ್ಕ ಕಟ್ಟಿದೆಯೇ? ಪಡೆಯುವ ಅಳತೆಯೂ ಕೊಡುವ ಅಳತೆಯೂ ಒಂದೇ ಆಗಿರಬೇಕೆಂಬ ಆಚಾರ್ಯರ ಮಾತು ಮೊದಲು ಈ ಲೆಕ್ಕದ ಪುಸ್ತಕಕ್ಕೆ ಸಲ್ಲಬೇಕು.

ದಾವಣಗೆರೆಯ ಗೌರವವು ದಾವಣಗೆರೆಗೆ ಸಲ್ಲಲಿ, ಆ ನಗರವು ಇನ್ನೂ ಮೇಲಿನ ಸ್ಥಾನಕ್ಕೆ ಏರಲಿ. ಅದರ ಉನ್ನತಿಯು ತನ್ನನ್ನು ಪೋಷಿಸುವ ಊರುಗಳ ಉನ್ನತಿಯೂ ಆಗಬೇಕು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ರೋಗಿಗೆ ಔಷಧವೂ ಮಕ್ಕಳಿಗೆ ವಿದ್ಯೆಯೂ ಕಾಲಕ್ಕೆ ಸರಿಯಾಗಿ ದೊರೆತು, ಊರಲ್ಲಿ ಉಳಿಯಬೇಕೆಂಬವರು ಉಳಿಯುವಂತಾದ ದಿನ ಆ ತೂಕ ಸರಿಯಾಗುತ್ತದೆ. ಅಂಥ ದಿನವನ್ನು ಹತ್ತಿರ ತರುವುದು ಉಳ್ಳವರ ಕರ್ತವ್ಯ.